ಏಳು ಮಾತ್ರೆಗಳ ಶ್ರಾವಣ

ಮೊನ್ನೆ ಜಯನಗರ ಒಂಬತ್ತನೇ ಬ್ಲಾಕಿನ ಮೆಡಿಕಲ್ ಶಾಪಿನಲ್ಲಿ ನನ್ನ ಮುಂದೆ ನಿಂತಿದ್ದವರ ಕೈಯಿಂದ ಬಿ-ಕಾಂಪ್ಲೆಕ್ಸ್ ಬಾಟಲಿ ಜಾರಿ ಬಿದ್ದು ಒಡೆಯಿತು. ಆ ವಾಸನೆ ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ; ಮೂಗಿಗೆ ಹತ್ತಿದರೆ ಅರ್ಧ ದಿನ ಬಿಡುವುದಿಲ್ಲ. ನಾನು ನನ್ನ ಚೀಟಿಯನ್ನು ಕೌಂಟರಿನ ಮೇಲೇ ಬಿಟ್ಟು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಂಗಡಿಯವರು "ಏನಾಯ್ತು ಮೇಡಂ, ಶುಗರ್ ಇದ್ಯಾ?" ಎನ್ನುತ್ತಾ ಲೋಟದಲ್ಲಿ ನೀರು ತಂದುಕೊಟ್ಟರು. ಇಲ್ಲ ಎನ್ನುವಷ್ಟರಲ್ಲಿ ಅರ್ಧ ನೀರು ಸೀರೆಯ ಮೇಲೆ ಚೆಲ್ಲಿಕೊಂಡೆ. ಮೂರು ವರ್ಷದ ಹಿಂದಿನ ಒಂದು ಶ್ರಾವಣದ ಹೆದರಿಕೆ ಅದು. ಇನ್ನೂ ನನ್ನನ್ನು ಬಿಟ್ಟು ಹೋಗಿಲ್ಲ, ಹೋಗುತ್ತದೆಂಬ ಆಸೆಯೂ ನನಗಿಲ್ಲ.

ಆಗ ನಾನು ಪ್ರತಿ ಭಾನುವಾರ ಒಂದು ಉಚಿತ ಔಷಧಾಲಯದಲ್ಲಿ ಕೆಲಸ ಮಾಡುತ್ತಿದ್ದೆ. ಡಾಕ್ಟರ್ ಸುಮತಿ ಎಂಬುವವರು ಯಾರದೋ ಮನೆಯ ಹಳೇ ಕಾರ್ ಗ್ಯಾರೇಜಿನಲ್ಲಿ ಅದನ್ನು ನಡೆಸುತ್ತಿದ್ದರು. ಅವರು ಪರೀಕ್ಷೆ ಮಾಡಿ ಚೀಟಿ ಬರೆಯುವುದು, ನಾನು ಮತ್ತು ಶೇಷಗಿರಿರಾಯರು ಎಂಬ ನಿವೃತ್ತ ಮೇಷ್ಟರು ಮಾತ್ರೆ ಕೊಡುವುದು. ಮಾತ್ರೆಗಳನ್ನು ನಾವು ಕೊಂಡು ತರುತ್ತಿರಲಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಯಾರಾದರೂ ಹೋದರೆ, ವೈಕುಂಠ ಸಮಾರಾಧನೆ ಮುಗಿಸಿದ ಮೇಲೆ, ಹೋದವರ ಉಳಿದ ಮಾತ್ರೆಗಳನ್ನು ಏನು ಮಾಡುವುದೆಂದು ಮನೆಯವರಿಗೆ ತಿಳಿಯುವುದಿಲ್ಲ. ಎಸೆಯಲು ಮನಸ್ಸು ಬಾರದು, ಇಟ್ಟುಕೊಂಡರೆ ಕಣ್ಣಿಗೆ ಚುಚ್ಚುತ್ತದೆ. ಬಿಸ್ಕತ್ತಿನ ಡಬ್ಬದಲ್ಲಿ, ಜವಳಿ ಅಂಗಡಿಯ ಚೀಲದಲ್ಲಿ ತುಂಬಿ ನಮಗೆ ತಂದುಕೊಡುತ್ತಿದ್ದರು. ನಾನೂ ನನ್ನವರು ಹೋದ ಹದಿನಾಲ್ಕನೇ ದಿನ ಹಾಗೆ ಒಂದು ಚೀಲ ಹಿಡಿದು ಹೋದವಳೇ. ಅಲ್ಲಿ ಮೇಜಿನ ಮೇಲೆ ಮಾತ್ರೆಗಳು ರಾಶಿ ಬಿದ್ದಿರುವುದನ್ನು ನೋಡಿ ನನಗೆ ಸಿಟ್ಟು ಬಂತು. "ಇದೇನ್ ಡಾಕ್ಟ್ರೇ, ಸಂತೇಲಿ ಹುಣಸೆಹಣ್ಣು ಸುರಿದ ಹಾಗೆ?" ಎಂದೆ. "ನೀವೇ ಜೋಡಿಸಿಕೊಡಿ ಹಾಗಾದ್ರೆ," ಎಂದರು ಆಕೆ. ಕೊಡಲು ಹೋದವಳು ಅಲ್ಲೇ ಉಳಿದೆ.

ನಾನು ಮೂವತ್ತೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವಳು. ಅರ್ಧ ಊರಿನ ನಂಬರು ನನ್ನ ಬಾಯಲ್ಲಿತ್ತು. ಅಲ್ಲಿನ ಶಿಸ್ತನ್ನೇ ಔಷಧಾಲಯಕ್ಕೂ ತಂದೆ: ಒಬ್ಬರು ಮಾತ್ರೆಯ ಹೆಸರು ಓದಬೇಕು, ಇನ್ನೊಬ್ಬರು ಅದನ್ನು ತಿರುಗಿ ಹೇಳಬೇಕು, ಆಮೇಲೇ ಅದು ಖಾನೆಗೆ ಹೋಗಬೇಕು. ಬಿಪಿಗೆ ಒಂದು ಖಾನೆ, ಶುಗರಿಗೆ ಒಂದು, ಥೈರಾಯ್ಡಿಗೆ ಒಂದು. ಬಂದ ಮಾತ್ರೆ ಕಡಿಮೆ, ಬರುವ ಜನ ಜಾಸ್ತಿ. ಹಾಗಾಗಿ ಹದಿನೈದರ ಪಟ್ಟಿಯನ್ನು ಕತ್ತರಿಸಿ ಏಳು ಒಬ್ಬರಿಗೆ, ಎಂಟು ಇನ್ನೊಬ್ಬರಿಗೆ ಕೊಡುತ್ತಿದ್ದೆವು. ಹಾಗೆ ಕತ್ತರಿಸಿದಾಗ ಹೆಸರು, ತಾರೀಖು ಎರಡೂ ಒಂದೇ ತುಂಡಿನಲ್ಲಿ ಉಳಿದುಬಿಡುತ್ತಿದ್ದವು. ಇನ್ನೊಂದು ತುಂಡು ಬರೀ ಬೆಳ್ಳಿ ಬಣ್ಣದ ಹಾಳೆ. ಅದನ್ನು ಕಾಗದದ ಕವರಿಗೆ ಹಾಕಿ ಮೇಲೆ ಹೆಸರು ಬರೆದು ಕೊಡುವುದು ನಮ್ಮ ಪದ್ಧತಿ. ತಪ್ಪು ಪದ್ಧತಿ ಎಂದು ಇವತ್ತು ಯಾರು ಬೇಕಾದರೂ ಹೇಳಬಹುದು. ಅವತ್ತು ನಾವು ಅದನ್ನು ಹಂಚಿ ತಿನ್ನುವ ಗುಣವೆಂದು ತಿಳಿದಿದ್ದೆವು.

ಆ ಶ್ರಾವಣದಲ್ಲಿ ನನಗೆ ಇನ್ನೊಂದು ಓಡಾಟವೂ ಇತ್ತು. ನಮಗೆ ಮಕ್ಕಳಿಲ್ಲ. ನಾಲ್ಕನೇ ಟಿ ಬ್ಲಾಕಿನ ನಮ್ಮ ಮನೆಯನ್ನು ನನ್ನ ನಂತರ ಔಷಧಾಲಯಕ್ಕೆ ಸೇರುವಂತೆ ವಿಲ್ ಬರೆಸುತ್ತಿದ್ದೆ. ಬಾಗಿಲ ಮೇಲೆ ಗ್ರಾನೈಟಿನಲ್ಲಿ ನಮ್ಮಿಬ್ಬರ ಹೆಸರು ಕೆತ್ತಿಸಬೇಕೆಂಬ ಶರತ್ತನ್ನೂ ಸೇರಿಸಿದ್ದೆ. ಅಕ್ಷರ ಎಷ್ಟು ದೊಡ್ಡದಿರಬೇಕೆಂದೂ ಮನಸ್ಸಿನಲ್ಲಿ ಅಳತೆ ಹಾಕಿದ್ದೆ, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ನನ್ನ ತಮ್ಮನ ಮಗನಿಗೆ ಇದು ಹಿಡಿಸಿರಲಿಲ್ಲ. "ಅತ್ತೆಗೆ ಈಚೆಗೆ ಅರಳುಮರಳು" ಎಂದು ಯಾರ ಮುಂದೋ ಅಂದಿದ್ದನಂತೆ. ಲಾಯರು, "ವಯಸ್ಸಾದವರ ವಿಲ್ ಮೇಲೆ ತಕರಾರು ತೆಗೆಯೋದು ಸುಲಭ ಮೇಡಂ. ಬುದ್ಧಿ ಸ್ವಾಧೀನದಲ್ಲಿದೆ ಅಂತ ಒಬ್ಬ ಡಾಕ್ಟರ್ ಹತ್ರ ಸರ್ಟಿಫಿಕೇಟ್ ಮಾಡಿಸಿ. ಸುಮತಿಯವರು ಬೇಡ, ಹೊರಗಿನವರು ಇರಲಿ," ಎಂದಿದ್ದರು. ನನ್ನ ಬುದ್ಧಿಗೆ ಸರ್ಟಿಫಿಕೇಟೇ ಎಂದು ಜೋರಾಗಿ ನಕ್ಕಿದ್ದೆ. ಬುಧವಾರ ಬೆಳಗ್ಗೆ ಡಾಕ್ಟರ ಅಪಾಯಿಂಟ್‌ಮೆಂಟ್ ಗೊತ್ತಾಗಿತ್ತು.

ಅದಕ್ಕೆ ಹಿಂದಿನ ಭಾನುವಾರ ಬೆಳಗಿನಿಂದ ಜಿಟಿಜಿಟಿ ಮಳೆ. ಶೇಷಗಿರಿರಾಯರು ಮಂಡಿನೋವೆಂದು ಬರಲಿಲ್ಲ. ವಿಲ್ಸನ್ ಗಾರ್ಡನ್ನಿನಿಂದ ಒಬ್ಬ ಹೆಂಗಸು ತೀರಿಹೋದ ತಂದೆಯ ಮಾತ್ರೆಗಳನ್ನು ಒಂದು ತಗಡಿನ ಡಬ್ಬದಲ್ಲಿ ತಂದಳು. ಡಬ್ಬದ ತಳದಲ್ಲಿ ಬಿ-ಕಾಂಪ್ಲೆಕ್ಸ್ ಒಡೆದು ಪುಡಿಯಾಗಿ ಎಲ್ಲಕ್ಕೂ ಅದೇ ವಾಸನೆ ಮೆತ್ತಿಕೊಂಡಿತ್ತು. ಆಕೆ ಡಬ್ಬ ಕೊಟ್ಟು ಹೋಗಲಿಲ್ಲ, ನನ್ನ ಎದುರೇ ಕೂತು ಅಳಲು ಶುರುಮಾಡಿದಳು. ಅಪ್ಪ ಕೊನೆಯ ವಾರ ಏನು ಕೇಳಿದರು, ತಾನು ಏನು ಕೊಡಲಿಲ್ಲ, ಎಲ್ಲವನ್ನೂ ಹೇಳಿದಳು. ನಾನು ಎಡಗೈಯಲ್ಲಿ ಅವಳ ಕೈ ಹಿಡಿದುಕೊಂಡು ಬಲಗೈಯಲ್ಲಿ ಮಾತ್ರೆ ಖಾನೆಗೆ ಹಾಕುತ್ತಾ ಹೋದೆ. ಹೊರಗೆ ಕೊಡೆ ಹಿಡಿದ ಸಾಲು. ಓದಿದವಳೂ ನಾನೇ, ತಿರುಗಿ ಹೇಳಿದವಳೂ ನಾನೇ.

ಸಾಲಿನ ಕೊನೆಯಲ್ಲಿ ಬಂದವಳು ನೀಲಮ್ಮ. ಬಾಗಲಕೋಟೆ ಕಡೆಯವಳು, ಅರವತ್ತು ದಾಟಿದ ತೆಳ್ಳನೆಯ ಹೆಂಗಸು, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಬಿಟಿಎಂ ಬಡಾವಣೆಯ ಬಾಡಿಗೆ ರೂಮಿನಲ್ಲಿ ಮಗಳ ಜೊತೆ ಇದ್ದಳು. ನಮ್ಮಲ್ಲಿಗೆ ಬಂದದ್ದು ಅದೇ ಮೊದಲು. ಡಾಕ್ಟರ್ ಬಿಪಿ ಮಾತ್ರೆ ಬರೆದಿದ್ದರು. ನಾನು ಏಳು ಮಾತ್ರೆ ಕತ್ತರಿಸಿ ಕವರಿಗೆ ಹಾಕಿದೆ. ಅವಳು ಹಿಂಜರಿಯುತ್ತ ಕೇಳಿದಳು:

"ನಾಳಿ ಶ್ರಾವಣ ಸೋಮವಾರ ಉಪಾಸ ಇರ್ತೀನ್ರಿ. ಸಂಜಿಮಟ ಏನೂ ತಿನ್ನಂಗಿಲ್ಲ. ಗುಳಿಗಿ ತಗೋಬೇಕೇನ್ರಿ?"

ನನ್ನ ಮಾತಿನ ಮೊನಚು ಆಗ ಚೆನ್ನಾಗಿತ್ತು. "ಉಪವಾಸ ಅಂತ ಮಾತ್ರೆ ಬಿಟ್ರೆ ದೇವರು ಮೆಚ್ಚಲ್ಲಮ್ಮ. ಬೆಳಗ್ಗೆ ಎದ್ದ ತಕ್ಷಣ ನುಂಗಬೇಕು. ಖಾಲಿ ಹೊಟ್ಟೆ ಆದ್ರೂ ಸರಿ, ತಪ್ಪಿಸಕೂಡದು. ಗೊತ್ತಾಯ್ತಾ?" ಎಂದು ಗದರಿದೆ.

"ಆತ್ರಿ," ಎಂದು ಕವರನ್ನು ಕಣ್ಣಿಗೊತ್ತಿಕೊಂಡು ಹೋದಳು.

ಉಳಿದ ಮಾತ್ರೆಗಳ ಖಾನೆಪೆಟ್ಟಿಗೆಯನ್ನು ಮನೆಗೆ ಒಯ್ದು ಸೋಮವಾರ ಬೆಳಗ್ಗೆ ಒಪ್ಪ ಮಾಡುವುದು ನನ್ನ ರೂಢಿ. ಆ ಸೋಮವಾರವೂ ಸ್ನಾನ ಮುಗಿಸಿ, ಊಟದ ಮೇಜಿನ ಮೇಲೆ ಪೆಟ್ಟಿಗೆ ತೆರೆದೆ. ಬಿಪಿ ಖಾನೆಯಲ್ಲಿ ಎಂಟು ಮಾತ್ರೆಗಳ ಒಂದು ತುಂಡು ಇತ್ತು, ನೀಲಮ್ಮನಿಗೆ ಕತ್ತರಿಸಿ ಉಳಿದದ್ದು. ಕನ್ನಡಕ ಹಾಕಿಕೊಂಡು ಹೆಸರು ನೋಡಿದೆ. ಶುಗರಿನ ಮಾತ್ರೆ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದೆ. ಶುಗರಿನ ಮಾತ್ರೆಯೇ. ಎರಡೂ ಒಂದೇ ಕಂಪನಿಯವು, ಒಂದೇ ಬೆಳ್ಳಿ ಹಾಳೆ, ಅಷ್ಟೇ ಸಣ್ಣ ಗುಂಡಗಿನ ಮಾತ್ರೆ. ಶುಗರ್ ಇಲ್ಲದ ಹೆಂಗಸಿಗೆ ಶುಗರ್ ಇಳಿಸುವ ಮಾತ್ರೆ ಕೊಟ್ಟಿದ್ದೆ. ಅದೂ ಇಡೀ ದಿನ ಏನೂ ತಿನ್ನದವಳಿಗೆ. ಖಾಲಿ ಹೊಟ್ಟೆಯಲ್ಲಾದರೂ ನುಂಗಲೇಬೇಕೆಂದು ಬೈದು ಕಳಿಸಿದ್ದೆ.

ಗಡಿಯಾರ ನೋಡಿದೆ, ಎಂಟೂಕಾಲು. ನಮ್ಮ ಪುಸ್ತಕದಲ್ಲಿ ಪ್ರತಿಯೊಬ್ಬರ ಹೆಸರು, ಫೋನ್ ನಂಬರು ಬರೆದುಕೊಳ್ಳುತ್ತಿದ್ದೆ. ನನ್ನ ಕೈಬರಹದಲ್ಲೇ ಇತ್ತು: ನೀಲಮ್ಮ, ಬಿಟಿಎಂ ಎರಡನೇ ಹಂತ. ನಂಬರು ಒತ್ತಿದೆ, ಹೋಗಲಿಲ್ಲ. ಮತ್ತೆ ಒತ್ತಿದೆ. ಆಮೇಲೆ ಅಂಕಿಗಳನ್ನು ಬೆರಳಿಟ್ಟು ಎಣಿಸಿದೆ. ಒಂಬತ್ತೇ ಇದ್ದವು. ಒಂದು ಅಂಕಿ ಬಿಟ್ಟು ಬರೆದಿದ್ದೆ. ಮೂವತ್ತೆಂಟು ವರ್ಷದಲ್ಲಿ ಒಂದು ನಂಬರೂ ತಪ್ಪು ಬರೆಯದವಳು, ಒಂದೇ ದಿನ ಒಬ್ಬಳೇ ಹೆಂಗಸಿನ ವಿಷಯದಲ್ಲಿ ಎರಡು ತಪ್ಪು ಮಾಡಿದ್ದೆ, ಎರಡೂ ನನಗೆ ತಿಳಿಯದ ಹಾಗೆ. ನನ್ನ ತಲೆಯೊಳಗೇ ಯಾರೋ ದೀಪ ಆರಿಸಿಕೊಂಡು ಓಡಾಡುತ್ತಿದ್ದಾರೆ ಅನ್ನಿಸಿತು.

ಆಗ ನಾನು ಮಾಡಿದ್ದನ್ನು ಇದುವರೆಗೆ ಇಬ್ಬರಿಗೆ ಮಾತ್ರ ಹೇಳಿದ್ದೇನೆ. ನಾನು ಅಡುಗೆಮನೆಗೆ ಹೋಗಿ ಕಾಫಿ ಮಾಡಿಕೊಂಡೆ. ಸುಮತಿಯವರಿಗೆ ಫೋನ್ ಮಾಡಬೇಕಿತ್ತು, ಮಾಡಲಿಲ್ಲ. ಮಾಡಿದರೆ ಎಲ್ಲರಿಗೂ ಗೊತ್ತಾಗುತ್ತದೆ, ತಮ್ಮನ ಮಗನ ಕಿವಿಗೂ ಬೀಳುತ್ತದೆ, ಬುಧವಾರ ಯಾವ ಡಾಕ್ಟರು ನನ್ನ ಬುದ್ಧಿಗೆ ಸಹಿ ಹಾಕುತ್ತಾನೆ? ಮನೆ ಹೋಯಿತು, ಫಲಕ ಹೋಯಿತು. ಇದನ್ನೆಲ್ಲ ಲೆಕ್ಕ ಹಾಕುತ್ತಾ ಲೋಟದ ಕೊನೆಯ ಗುಟುಕಿನವರೆಗೂ ಕುಡಿದೆ. ಅವಳು ಪೂಜೆಗೆ ಮುಂಚೆ ಮಾತ್ರೆ ತಗೊಂಡಿರಲಾರಳು, ಮರೆತಿರಬಹುದು ಎಂದೂ ಹೇಳಿಕೊಂಡೆ. ಲೋಟ ತೊಳೆಯುವಾಗ ಅವಳು ಕವರನ್ನು ಕಣ್ಣಿಗೊತ್ತಿಕೊಂಡದ್ದು ನೆನಪಾಯಿತು. ಹಾಗೆ ಒತ್ತಿಕೊಂಡವಳು ಮರೆಯುವುದುಂಟೇ? ಪರ್ಸು ತೆಗೆದುಕೊಂಡು ಚಪ್ಪಲಿ ಅದಲುಬದಲು ಹಾಕಿಕೊಂಡೇ ಬೀದಿಗೆ ಓಡಿದೆ.

ಆಟೋದಲ್ಲಿ ಕೂತು ಸುಮತಿಯವರಿಗೆ ಫೋನ್ ಮಾಡಿ ಮಾತ್ರೆ ತಪ್ಪಿದ್ದನ್ನು ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಎಷ್ಟು ಗಂಟೆಗೆ ನುಂಗಿರಬಹುದು?" ಎಂದರು.

"ಎದ್ದ ತಕ್ಷಣ ಅಂತ ಹೇಳಿದ್ದೆ ಡಾಕ್ಟ್ರೇ. ಐದೋ ಆರೋ."

"ಹಾಗಿದ್ರೆ ಈಗ ಇಳೀತಾ ಇರುತ್ತೆ. ಹುಡುಕಿ. ಎಚ್ಚರ ಇದ್ದು ನುಂಗೋ ಹಾಗಿದ್ರೆ ಸಕ್ಕರೆ ನೀರು ಕೊಡಿ. ಎಚ್ಚರ ಇಲ್ದಿದ್ರೆ ಬಾಯಿಗೆ ನೀರು ಹಾಕ್ಲೇಬೇಡಿ, ಆಂಬುಲೆನ್ಸ್ ಕರೀರಿ. ನಾನೂ ಹೊರಟೆ."

ಈಸ್ಟ್ ಎಂಡ್ ದಾಟುವಷ್ಟರಲ್ಲಿ ವಾಹನಗಳು ಒಂದಕ್ಕೊಂದು ಅಂಟಿಕೊಂಡು ನಿಂತವು. "ಸಖತ್ ಜಾಮ್ ಆಂಟಿ, ಸೋಮವಾರ ಅಲ್ವಾ," ಎಂದ ಆಟೋದವನು. ದಾರಿಯಲ್ಲಿ ಕಂಡ ಪ್ರತಿ ಈಶ್ವರನ ಗುಡಿಯ ಮುಂದೆಯೂ ಬಿಲ್ವಪತ್ರೆ ಹಿಡಿದ ಹೆಂಗಸರ ಸಾಲು. ಪ್ರತಿಯೊಂದು ಸಾಲಿನಲ್ಲೂ ವಿಭೂತಿಯ ಹಣೆಗಳನ್ನು ಹುಡುಕಿದೆ. ಅವಳು ಇಲ್ಲೇ ಎಲ್ಲೋ ಗಟ್ಟಿಯಾಗಿ ನಿಂತಿರಲಿ ಎಂದು ಬೇಡಿಕೊಂಡೆ. ನಾನು ಹರಕೆ ಗಿರಕೆ ಹೊರುವವಳಲ್ಲ. ಅವತ್ತು ದಾರಿಯುದ್ದಕ್ಕೂ ಯಾವ್ಯಾವ ದೇವರಿಗೆ ಏನೇನು ಒಪ್ಪಿಕೊಂಡೆನೋ ನೆನಪಿಲ್ಲ.

ಬಿಟಿಎಂ ಎರಡನೇ ಹಂತವೆಂದರೆ ಒಂದು ಊರಿನಷ್ಟಿದೆ. ಒಂದೊಂದು ಕಟ್ಟಡದಲ್ಲೂ ಗೂಡಿನ ಹಾಗೆ ರೂಮುಗಳು. ಮಳೆನೀರು ನಿಂತ ಬೀದಿಯಲ್ಲಿ ಸಿಕ್ಕಸಿಕ್ಕವರನ್ನು ನಿಲ್ಲಿಸಿ ಕೇಳಿದೆ. "ಯಾವ ನೀಲಮ್ಮ ಆಂಟಿ? ಓನರ್ ಹೆಸರು ಹೇಳಿ," ಎನ್ನುವವರೇ ಎಲ್ಲ. ಅವಳ ಬಗ್ಗೆ ನನಗೆ ಗೊತ್ತಿದ್ದದ್ದಾದರೂ ಏನು? ಬಿಪಿ ಎಷ್ಟಿದೆ ಎಂದು ಗೊತ್ತಿತ್ತು. ಯಾವ ಬೀದಿ, ಯಾರ ಮಗಳು, ಏನು ಕೆಲಸ, ಒಂದನ್ನೂ ಕೇಳಿರಲಿಲ್ಲ. ಸಾಲು ಬೇಗ ಕರಗಲಿ ಎಂಬುದೇ ನನ್ನ ಚಿಂತೆಯಾಗಿತ್ತು. ಒಂದು ತಿರುವಿನಲ್ಲಿ ಪಟಪಟನೆ ರೊಟ್ಟಿ ಬಡಿಯುವ ಸದ್ದು ಕೇಳಿ, ಭಾನುವಾರ ಮಾತ್ರೆ ಕೊಡುವಾಗ ಕಂಡ ಅವಳ ಅಂಗೈ ನೆನಪಿಗೆ ಬಂತು. ಉಗುರಿನ ಸಂದಿಯಲ್ಲೆಲ್ಲ ಒಣಗಿದ ಹಿಟ್ಟು ಇತ್ತು. ಸದ್ದು ಬಂದ ಕಡೆ ನುಗ್ಗಿದೆ. ಅದೊಂದು ಜೋಳದ ರೊಟ್ಟಿ ಖಾನಾವಳಿ. ಒಲೆಯ ಮುಂದೆ ಕೂತಿದ್ದ ಗಂಗವ್ವ, ಅದರ ಒಡತಿ, ತಲೆಯೆತ್ತಿದಳು.

"ನೀಲಕ್ಕನ? ನಮ್ಮಲ್ಲೇ ರೊಟ್ಟಿ ಬಡಿತಾಳ್ರಿ. ಸೋಮವಾರ ಬರಂಗಿಲ್ಲ, ಉಪಾಸ ಇರ್ತಾಳ. ಯಾಕ್ರಿ?"

"ಮನೆ ತೋರಿಸಿ. ಓಡಿ. ಸಕ್ಕರೆ ತಗೊಳ್ಳಿ," ಎಂದೆ. ನನ್ನ ಮುಖ ನೋಡಿ ಅವಳು ಇನ್ನೊಂದು ಮಾತು ಕೇಳಲಿಲ್ಲ. ಹಿಟ್ಟಿನ ಕೈಯಲ್ಲೇ ಸಕ್ಕರೆ ಡಬ್ಬಿ ಎತ್ತಿಕೊಂಡಳು.

ಮೂರನೇ ಮಹಡಿಯ ಮೇಲೆ ಶೀಟಿನ ರೂಮು. ಬಾಗಿಲು ಮುಂದಕ್ಕೆ ಮಾಡಿತ್ತು, ಚಿಲಕ ಹಾಕಿರಲಿಲ್ಲ. ಒಳಗೆ ಊದುಬತ್ತಿ ಇನ್ನೂ ಉರಿಯುತ್ತಿತ್ತು. ನೀಲಮ್ಮ ಮಣೆಯಿಂದ ಪಕ್ಕಕ್ಕೆ ಜಾರಿ ಗೋಡೆಗೆ ಒರಗಿದ್ದಳು. ಎಡ ಅಂಗೈಯ ಲಿಂಗವನ್ನು ಮಾತ್ರ ಬಿಡದೆ ಎದೆಗೆ ಒತ್ತಿ ಹಿಡಿದಿದ್ದಳು. ಬೆವರಿಗೆ ವಿಭೂತಿ ಕರಗಿ ಹುಬ್ಬಿನ ಮೇಲೆ ಇಳಿದಿತ್ತು. ಕಣ್ಣು ತೆರೆದಿದ್ದವು, ಆದರೆ ಯಾರನ್ನೂ ಗುರುತು ಹಿಡಿಯುತ್ತಿರಲಿಲ್ಲ. ಕಿಟಕಿಯಲ್ಲಿ ನನ್ನ ಕೈಬರಹದ ಕವರು. ಅದರೊಳಗೆ ಆರು ಮಾತ್ರೆ.

ಲೋಟದಲ್ಲಿ ಸಕ್ಕರೆ ಕಲಸಿ ತುಟಿಗೆ ಹಿಡಿದೆ. ಅವಳು ಹಲ್ಲು ಕಚ್ಚಿಕೊಂಡಳು.

"ಉಪಾಸ... ಉಪಾಸ ಐತ್ರಿ... ಬ್ಯಾಡ."

"ನೀಲಮ್ಮ, ಕುಡೀರಿ. ಕುಡೀಲೇಬೇಕು. ದಮ್ಮಯ್ಯ," ಎಂದೆ. ತಲೆ ಅತ್ತಿತ್ತ ಆಡಿಸಿದಳು. ನೀರು ಗದ್ದದ ಮೇಲೆ ಹರಿದು ಹೋಯಿತು. ಆ ಸ್ಥಿತಿಯಲ್ಲೂ ಅವಳಿಗೆ ನೆನಪಿದ್ದದ್ದು ಅದೊಂದೇ. ನಾನು ಬಲವಂತವಾಗಿ ಬಾಯಿ ಬಿಡಿಸಲು ಹೋದೆ, ಬೆರಳು ಕಚ್ಚಿದಳು. ಅವಳ ರೆಪ್ಪೆ ಮುಚ್ಚುತ್ತಾ ಬರುತ್ತಿತ್ತು. ಇನ್ನು ಎರಡು ನಿಮಿಷ ಕಳೆದರೆ ನುಂಗುವ ಶಕ್ತಿಯೂ ಇರುವುದಿಲ್ಲ, ಆಮೇಲೆ ಕೈಯಲ್ಲಿ ಸಕ್ಕರೆ ಹಿಡಿದುಕೊಂಡೇ ನೋಡುತ್ತ ಕೂರಬೇಕು. ನನ್ನ ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ, ನನ್ನವರು ಕಣ್ಮುಚ್ಚಿದ ದಿನವೂ.

ಗಂಗವ್ವ ನನ್ನನ್ನು ಪಕ್ಕಕ್ಕೆ ಸರಿಸಿದಳು. ಪೂಜೆಗಿಟ್ಟಿದ್ದ ಬಟ್ಟಲಿನ ತೀರ್ಥಕ್ಕೆ ಎರಡು ಹಿಡಿ ಸಕ್ಕರೆ ಸುರಿದು ಬೆರಳಲ್ಲಿ ತಿರುವಿದಳು. ನೀಲಮ್ಮನ ಕಿವಿಯ ಹತ್ತಿರ ಬಾಗಿ, ಮಗುವಿಗೆ ಹೇಳುವ ಹಾಗೆ, "ನೀಲಕ್ಕ, ಸಂಜಿ ಆತು. ಪೂಜಿ ಮುಗೀತು. ಪಾದೋದಕ ಐತಿ ನೋಡು, ಒಲ್ಲೆ ಅನ್ನಬಾರ್ದು. ಬಾಯಿ ತಗಿ," ಎಂದಳು.

ಬೆಳಗಿನ ಒಂಬತ್ತೂವರೆ ಗಂಟೆ. ಕಿಟಕಿಯಲ್ಲಿ ಬೆಳಕಿತ್ತು. ನೀಲಮ್ಮ ಬಾಯಿ ತೆರೆದಳು.

ಚಮಚ ಚಮಚವಾಗಿ ಇಡೀ ಬಟ್ಟಲು ಕುಡಿಸಿದೆವು. ಸ್ವಲ್ಪ ಹೊತ್ತಿಗೆ ಅವಳ ಕಣ್ಣು ನನ್ನ ಮೇಲೆ ನಿಂತವು, ಗುರುತು ಹಿಡಿದವು. "ಅಯ್ಯ, ಗುಳಿಗಿ ಕೊಟ್ಟ ಅಮ್ಮಾರು," ಎಂದಳು. ಅಷ್ಟರಲ್ಲಿ ಫೋನಿನಲ್ಲಿ ದಾರಿ ಕೇಳಿಕೊಂಡು ಸುಮತಿಯವರು ಬಂದರು. ಬೆರಳು ಚುಚ್ಚಿ ನೋಡಿ, ಆ ಮಾತ್ರೆಯ ಪರಿಣಾಮ ಇನ್ನೂ ಹಲವು ಗಂಟೆ ಇರುತ್ತದೆ, ಮತ್ತೆ ಇಳಿಯಬಹುದು ಎಂದು ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಮಧ್ಯಾಹ್ನ ಮತ್ತೆ ಒಮ್ಮೆ ಇಳಿಯಿತು. ನರ್ಸುಗಳು ಓಡಾಡುವಾಗ ನಾನು ಬಾಗಿಲ ಹೊರಗೆ ಗೋಡೆ ಹಿಡಿದು ನಿಂತಿದ್ದೆ.

ಮಗಳು ಮಹಾದೇವಿ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಿಂದ ಓಡಿಬಂದಳು. ಕೊರಳಲ್ಲಿ ಇನ್ನೂ ಫ್ಯಾಕ್ಟರಿಯ ಐಡಿ ಕಾರ್ಡು. ಗಂಗವ್ವ ಅವಳಿಗೆ, "ಈ ಅಮ್ಮಾರು ಬರಲಿಲ್ಲಂದ್ರ ನಿಮ್ಮವ್ವ ಉಳೀತಿರಲಿಲ್ಲ," ಎಂದುಬಿಟ್ಟಳು. ಮಹಾದೇವಿ ಅಲ್ಲೇ ಕಾರಿಡಾರಿನಲ್ಲಿ ಬಗ್ಗಿ ನನ್ನ ಕಾಲು ಮುಟ್ಟಿದಳು. ಸುಮತಿಯವರು ಔಷಧಿ ತರಲು ಕೆಳಗೆ ಹೋಗಿದ್ದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆ ಕ್ಷಣಕ್ಕೆ ಯಾರೂ ಏನೂ ಹೇಳುವವರಿರಲಿಲ್ಲ. ಕಾಲು ಹಿಂದಕ್ಕೆ ಎಳೆದುಕೊಂಡೆ.

"ಆ ಮಾತ್ರೆ ಕೊಟ್ಟವಳು ನಾನೇ ಕಣಮ್ಮ. ಬಿಪಿದು ಅಂತ ಶುಗರಿಂದು ಕೊಟ್ಟುಬಿಟ್ಟೆ. ಬೆಳಗ್ಗೆ ಗೊತ್ತಾದ ಮೇಲೂ ಅರ್ಧ ಗಂಟೆ ಮನೇಲೇ ಕೂತಿದ್ದೆ."

ಅವಳು ನಿಧಾನವಾಗಿ ಎದ್ದು ನಿಂತಳು. ನನ್ನ ಎತ್ತರಕ್ಕೆ ಇದ್ದಳು. ಕೂಗಾಡಲಿಲ್ಲ.

"ಪುಕ್ಕಟ ಕೊಡೋದು ಅಂತ ನೋಡದ ಕೊಡ್ತೀರೇನ್ರಿ?" ಎಂದಳು.

ಅವಳು ನನಗೆ ಬೆನ್ನು ಮಾಡಿ ಒಳಗೆ ಹೋದಳು. ಬೆಂಚಿನ ಮೇಲೆ ಕೂತೆ. ಆ ಮಾತು ಅವತ್ತಿನಿಂದ ನನ್ನ ಜೊತೆಗೇ ಏಳುತ್ತದೆ, ಮಲಗುತ್ತದೆ. ನಾನು ಕೊಟ್ಟದ್ದೆಲ್ಲ ನನ್ನದಾಗಿತ್ತು: ನನ್ನ ಭಾನುವಾರ, ನನ್ನ ಶಿಸ್ತು, ನನ್ನ ಮನೆ, ನನ್ನ ಫಲಕ. ತೆಗೆದುಕೊಳ್ಳುವವಳ ಮುಖ ನೋಡಿ ಕೊಟ್ಟಿದ್ದೆನೇ?

ಮಂಗಳವಾರ ಸಂಜೆ ನೀಲಮ್ಮ ಮನೆಗೆ ಹೋದಳು. ಬುಧವಾರ ನಾನು ಸರ್ಟಿಫಿಕೇಟಿಗೆಂದು ಹೋಗಿ ಆ ಡಾಕ್ಟರ ಮುಂದೆ ಎಲ್ಲವನ್ನೂ ಒದರಿದೆ, ಒಂಬತ್ತು ಅಂಕಿಯ ನಂಬರನ್ನೂ, ಕಾಫಿಯನ್ನೂ. ಅವರು ಕಾಗದದ ಮೇಲೆ ಗಡಿಯಾರದ ಚಿತ್ರ ಬರೆಸಿದರು. ಐದು ಪದ ಹೇಳಿ ಹತ್ತು ನಿಮಿಷದ ಮೇಲೆ ಕೇಳಿದರು. ನಾಲ್ಕು ಹೇಳಿದೆ, ಐದನೆಯದು ಬರಲೇ ಇಲ್ಲ. ಇವತ್ತಿಗೂ ಅದೇನೆಂದು ನನಗೆ ಗೊತ್ತಿಲ್ಲ. "ನಿಮ್ಮ ಆಸ್ತಿ ಯಾವುದು, ಯಾರಿಗೆ, ಯಾಕೆ ಕೊಡ್ತಿದೀರ ಅನ್ನೋದು ನಿಮಗೆ ಸ್ಪಷ್ಟ ಇದೆ, ಸಹಿ ಮಾಡ್ತೀನಿ," ಎಂದರು.

"ಇದು ಬರೀ ವಯಸ್ಸಾ ಡಾಕ್ಟ್ರೇ? ಇಲ್ಲಾ ಅದಾ?" ಎಂದೆ. ಅದರ ಹೆಸರು ಹೇಳಲು ಬಾಯಿ ಬರಲಿಲ್ಲ.

"ಈಗಲೇ ಹೇಳಕ್ಕಾಗಲ್ಲ. ಆರು ತಿಂಗಳಿಗೊಂದು ಸಲ ಬನ್ನಿ."

ಆರು ತಿಂಗಳಿಗೊಮ್ಮೆ ಹೋಗುತ್ತಿದ್ದೇನೆ. ಪ್ರತಿ ಸಲವೂ ಹಿಂದಿನ ರಾತ್ರಿ ಪರೀಕ್ಷೆಗೆ ಓದುವ ಹಾಗೆ ಅವರು ಕೇಳಬಹುದಾದ ತರಕಾರಿಗಳ ಹೆಸರು ಬಾಯಿಪಾಠ ಮಾಡುತ್ತೇನೆ. ನಗಬೇಕಾದ ವಿಷಯವೇ, ಆದರೆ ನಗು ಬರುವುದಿಲ್ಲ.

ವಿಲ್ ಬದಲಾಯಿಸಿದೆ. ಫಲಕದ ಶರತ್ತನ್ನು ಹೊಡೆದುಹಾಕಿಸಿದೆ. ಅದರ ಜಾಗದಲ್ಲಿ, ಓದಿ ಬಂದ ಫಾರ್ಮಸಿಸ್ಟ್ ಒಬ್ಬರು ಸಂಬಳಕ್ಕೆ ಇರಲೇಬೇಕು, ಅವರ ಹೊರತು ಬೇರೆ ಯಾರೂ ಮಾತ್ರೆ ಕೊಡಕೂಡದು, ಪಟ್ಟಿ ಕತ್ತರಿಸಕೂಡದು ಎಂದು ಬರೆಸಿದೆ. ನಾನು ಸಾಯುವವರೆಗೆ ಯಾರು ಕಾಯುತ್ತಾರೆ? ನನ್ನ ಮನೆಯ ಮಹಡಿಯಿಂದ ಬರುವ ಬಾಡಿಗೆಯನ್ನು ಆ ತಿಂಗಳಿನಿಂದಲೇ ಅದಕ್ಕೆ ಬಿಟ್ಟುಕೊಟ್ಟೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಮಾಡುವ ಮುಂಚೆ ಪ್ರತಿ ಹಾಳೆಯನ್ನೂ ಮೂರು ಮೂರು ಸಲ ಓದಿದೆ. ಹಿಂದೆ ನಿಂತವರು ಗೊಣಗಿದರು. ಗೊಣಗಲಿ.

ಮಾತ್ರೆ ಮುಟ್ಟುವುದನ್ನು ಬಿಟ್ಟೆ. ಆದರೂ ಭಾನುವಾರ ಮನೆಯಲ್ಲಿ ಕೂರಲಾಗದೆ, ಸುಮತಿಯವರನ್ನು ಕೇಳಿಕೊಂಡು ಗ್ಯಾರೇಜಿನ ಬಾಗಿಲಲ್ಲಿ ಟೋಕನ್ ಕೊಡುವ ಕೆಲಸಕ್ಕೆ ಕೂತೆ. ಒಳಗೆ ರೂಪಾ ಎಂಬ ಹೊಸ ಫಾರ್ಮಸಿಸ್ಟ್, ಚುರುಕಾದ ಹುಡುಗಿ. ಬಂದವರನ್ನು ಈಗ ನಾನು ಕೇಳುತ್ತಿದ್ದೆ: ಮನೆ ಎಲ್ಲಿ, ಪಕ್ಕದಲ್ಲಿ ಯಾರಿದ್ದಾರೆ, ಯಾವತ್ತು ಉಪವಾಸ, ಏನು ಕೆಲಸ. ನೀಲಮ್ಮ ಮಾತ್ರ ಬರಲಿಲ್ಲ. ಬೇರೆ ಡಾಕ್ಟರ ಹತ್ತಿರ ಹೋಗುತ್ತಿದ್ದಾಳೋ, ಹೆದರಿ ಮಾತ್ರೆಯನ್ನೇ ಬಿಟ್ಟಿದ್ದಾಳೋ, ಅದೂ ಒಂದು ಹೆದರಿಕೆ. ಖಾನಾವಳಿಗೆ ಎರಡು ಸಲ ಹೋಗಿ ದೂರದಿಂದ ಅವಳು ರೊಟ್ಟಿ ಬಡಿಯುವುದನ್ನು ನೋಡಿ, ಎದುರು ಹೋಗಲು ಧೈರ್ಯವಾಗದೆ ಹಿಂದಿರುಗಿದೆ.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಅವಳು ಬಂದಳು. ಒಬ್ಬಳೇ. ನನ್ನ ಕೈಯಿಂದ ಟೋಕನ್ ತೆಗೆದುಕೊಂಡಳು, ಮುಖ ನೋಡಲಿಲ್ಲ. ಡಾಕ್ಟರ ಹತ್ತಿರ ಹೋದಳು, ರೂಪಾಳಿಂದ ಮಾತ್ರೆ ಪಡೆದಳು. ಹೊರಗೆ ಬಂದು ಹೋಗಿಬಿಡುತ್ತಾಳೆ ಎಂದುಕೊಂಡೆ. ನೇರ ನನ್ನ ಮುಂದೆ ಬಂದು ನಿಂತು, ಅಂಗೈ ಬಿಚ್ಚಿ ಇಡೀ ಪಟ್ಟಿಯನ್ನು ಚಾಚಿದಳು.

"ಇದು ಬರೋಬ್ಬರಿ ಐತೇನ ನೋಡ್ರಿ."

ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. "ನಾನು ನೋಡಲ್ಲ ನೀಲಮ್ಮ. ನನ್ನ ಕೇಳ್ಬೇಡಿ. ಒಳಗೆ ಕಲಿತವರು ಕೊಟ್ಟಿದಾರೆ, ಸರಿಯಾಗಿರುತ್ತೆ."

"ಒಳಗಿನಾಕಿ ಇನ್ನೂ ತಪ್ಪು ಮಾಡಿಲ್ರಿ," ಎಂದಳು ಅವಳು. "ನೀವು ನೋಡ್ರಿ."

ಕನ್ನಡಕ ಹಾಕಿಕೊಂಡೆ. ಒಂದೊಂದೇ ಅಕ್ಷರ ಓದಿದೆ. ತಾರೀಖು ನೋಡಿದೆ. ಡಾಕ್ಟರ ಚೀಟಿ ಇಸಿದುಕೊಂಡು ಪಕ್ಕಕ್ಕಿಟ್ಟು ಹೋಲಿಸಿದೆ. ಬಿಪಿ ಮಾತ್ರೆಯೇ, ಸಂಶಯವಿಲ್ಲ. ಆದರೂ ಹೌದು ಎನ್ನಲು ನಾಲಿಗೆ ಏಳಲಿಲ್ಲ. ಅವಳು ಅವಸರ ಮಾಡದೆ ಕಾದಳು. ಕೊನೆಗೆ, "ಹೌದು, ಇದೇ," ಎಂದೆ.

"ಇವತ್ತಿಂದು ಇನ್ನೂ ತಗೊಂಡಿಲ್ಲ," ಎನ್ನುತ್ತಾ ಅಲ್ಲೇ ಒಂದು ಮಾತ್ರೆ ಒಡೆದು ನಾಲಿಗೆಯ ಮೇಲಿಟ್ಟುಕೊಂಡಳು. ನನ್ನ ಮುಖವನ್ನೇ ನೋಡುತ್ತಾ ನೀರು ಕುಡಿದು ನುಂಗಿದಳು. "ಬರ್ತೀನ್ರಿ," ಎಂದು ಹೊರಟಳು. ನಾನು ಟೋಕನ್ನುಗಳನ್ನು ಕುರ್ಚಿಯ ಮೇಲೆ ಬಿಟ್ಟು ಗೇಟಿನವರೆಗೆ ಓಡಿದೆ. ಅವಳು ರಸ್ತೆಯ ತಿರುವು ದಾಟುವವರೆಗೂ, ಹೆಜ್ಜೆ ನೆಟ್ಟಗೆ ಬೀಳುತ್ತಿದೆಯೇ ಎಂದು ನೋಡುತ್ತಾ ನಿಂತಿದ್ದೆ.